ಏಳು ತಿಂಗಳಿಗೊಂದು ಸೈಲೆನ್ಸರು

ಸಾವಕಾರರ ಕಾರು ರೈಲ್ವೆ ಗೇಟಿನ ಆಚೆ ಇರುವಾಗಲೇ ಅದರ ಸದ್ದು ನನ್ನ ಶೆಡ್ಡಿಗೆ ಕೇಳಿಸಿತು. ಕಾರಹುಣ್ಣಿಮೆ ಮುಗಿದು ನಾಲ್ಕು ದಿನವಾಗಿತ್ತು. ಮಳೆ ಬಿದ್ದು ಅಣ್ಣಿಗೇರಿಯ ಎರೆಮಣ್ಣು ಚಪ್ಪಲಿಗೆ ಅಂಟಿಕೊಂಡು ಹೆಜ್ಜೆಗೊಂದು ಸೇರು ಭಾರ ಕೊಡುತ್ತಿತ್ತು. ಯಾರದೋ ಟ್ರ್ಯಾಕ್ಟರು ಬಿತ್ತನೆಗೆ ಹೊರಟಿದೆ ಎಂದುಕೊಂಡು ನಾನು ಕೆಲಸದಿಂದ ತಲೆ ಎತ್ತಲಿಲ್ಲ. ಎತ್ತಿದಾಗ ಎದುರಿಗೆ ಆ ಕರೀ ಬಣ್ಣದ ದೊಡ್ಡ ಕಾರು ನಿಂತು ಭಡಭಡ ಎನ್ನುತ್ತಿತ್ತು.

“ಏನ್ ಮಿಸ್ತ್ರಿ, ನಾ ತಗೊಂಡಿದ್ದು ಕಾರೋ, ಹಿಟ್ಟಿನ ಗಿರಣಿನೋ?” ಎಂದರು ಸಾವಕಾರರು ಕಿಟಕಿಯಿಂದ. “ಹಾದ್ಯಾಗ ಎತ್ತು ಬೆದರಿ ಒಂದು ಗಾಡಿ ಹೊಲದಾಗ ಇಳೀತು. ಮಂದಿ ನಗಾಕ ಹತ್ಯಾರ.”

ಸಾವಕಾರರು ಎಂದರೆ ಊರಿನ ಹತ್ತಿ ಜಿನ್ನಿನ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಗಿರಣಿಯ, ಮಾಲೀಕರು. ಹಿಂದಿನ ದೀಪಾವಳಿಗೆ ಆ ಕಾರನ್ನು ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡಿದ್ದರು. ಕೊಡಿಸಿದವನು ನಾನೇ. ಹಳೆಯ ಸೈಲೆನ್ಸರ್ ತೆಗೆಸಿ ಹೊಸದನ್ನು ನನ್ನ ಕಣ್ಣೆದುರಿಗೇ ಹಾಕಿಸಿದ್ದೆ. ಎಂಜಿನ್ನಿನ ಬಿಸಿ ಹೊಗೆ ಒಂದು ಉದ್ದ ಕೊಳವೆಯಲ್ಲಿ ಕಾರಿನ ಹೊಟ್ಟೆಯ ಕೆಳಗೆ ಹಾದು ಹಿಂದಿನ ಬಾಯಿಂದ ಹೊರಗೆ ಹೋಗುತ್ತದಲ್ಲ, ಅದರ ನಡುವೆ ಸೌತೆಕಾಯಿಯಂಥ ಒಂದು ತಗಡಿನ ಡಬ್ಬಿ ಇರುತ್ತದೆ. ಒಳಗೆ ತೂತು ತೂತಿನ ಕೊಳವೆ, ಅಡ್ಡ ತಗಡುಗಳು. ಸದ್ದನ್ನು ನುಂಗುವುದು ಅದರ ಕೆಲಸ. ನಮ್ಮ ಒಣಹವೆಯ ಸೀಮೆಯಲ್ಲಿ ಅದು ನಾಲ್ಕೈದು ವರ್ಷ ಬಾಳುತ್ತದೆ. ದೀಪಾವಳಿಯಿಂದ ಕಾರಹುಣ್ಣಿಮೆಗೆ ಏಳೇ ತಿಂಗಳು.

ಕಾರಿನ ಕೆಳಗೆ ಗೋಣಿ ಹಾಸಿ ಮಲಗಿ ಸ್ಕ್ರೂಡ್ರೈವರಿನಿಂದ ಒತ್ತಿದೆ. ಹಪ್ಪಳಕ್ಕೆ ಒತ್ತಿದಂತೆ ಒಳಗೆ ಹೋಯಿತು. ಮುಖದ ಮೇಲೆ ಕೆಂಪು ಪುಡಿ ಸುರಿಯಿತು. ಕಣ್ಣಿಗೂ ಬಿತ್ತು. ಕಣ್ಣುಜ್ಜಿಕೊಳ್ಳುತ್ತ ಎದ್ದೆ, ಹೇಳುವುದಕ್ಕೆ ಒಂದು ಮಾತೂ ತೋಚಲಿಲ್ಲ. ಗಿರಾಕಿಯ ಮುಂದೆ ಮಿಸ್ತ್ರಿಯಾದವನು ಸುಮ್ಮನೆ ನಿಲ್ಲಬಾರದು. ಅದಕ್ಕೇ, “ನೀರಿನ ದೋಷ್ರಿ” ಎಂದುಬಿಟ್ಟೆ.

ಅದು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಬಾವಿ ನೀರು ಸವಳು. ಬಟ್ಟೆ ಒಗೆದರೆ ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಕುಡಿಯುವುದಕ್ಕೆ ಕೆರೆ ನೀರೇ ಗತಿ. ಸಾವಕಾರರ ಮನೆಯಲ್ಲಿ ಕಾರನ್ನು ದಿನಾ ಬೆಳಿಗ್ಗೆ ಬಾವಿ ನೀರಿನಿಂದ ತೊಳೆಯುತ್ತಿದ್ದರು. ತೊಳೆಯುವವನು ಗಾಡಿ ಕಾಕಾ. ಮೂವತ್ತು ವರ್ಷ ಆ ಮನೆಯ ಎತ್ತುಗಳನ್ನು ಸಾಕಿದವನು. ಅವನ ಎತ್ತು ಕಲ್ಲೆಳೆಯುವ ಪಂದ್ಯದಲ್ಲಿ ಸೋತದ್ದನ್ನು ಕಂಡವರಿಲ್ಲ. ಕಾರು ಬಂದ ಮೇಲೆ ಅದರ ಆರೈಕೆಯನ್ನೂ ಅವನಿಗೇ ಒಪ್ಪಿಸಿದ್ದರು. ನಡೆಸಲು ಬರುತ್ತಿರಲಿಲ್ಲ, ಕೀಲಿ ತಿರುವಿ ಚಾಲೂ ಮಾಡುವುದು ಮಾತ್ರ ಗೊತ್ತು. ನಡೆಸುವವರು ಸಾವಕಾರರೇ, ಅದೂ ಮನೆಯಿಂದ ಜಿನ್ನಿಗೆ ಅರ್ಧ ಮೈಲು. ಹುಬ್ಬಳ್ಳಿಗೆ ರೈಲಿನಲ್ಲೇ ಹೋಗುತ್ತಿದ್ದರು.

ಕಾರು ಬಂದ ಹೊಸದರಲ್ಲಿ ಒಮ್ಮೆ ಅದು ಏಳದೆ ಮುಷ್ಕರ ಹೂಡಿತ್ತು. ಹೋಗಿ ನೋಡಿದರೆ ಬ್ಯಾಟರಿ ಇಳಿದಿತ್ತು. ಅದು ಸಾಲದೆಂದು ಹೊಗೆ ಕೊಳವೆಯ ಬಾಯೊಳಗೆ ಇಲಿಯೊಂದು ಹತ್ತಿ ತುಂಬಿ ಗೂಡು ಕಟ್ಟಿತ್ತು. ಹತ್ತಿಯ ಮನೆಯ ಇಲಿಗೆ ಹತ್ತಿಗೇನು ಬರ? ತಂತಿ ಹಾಕಿ ಗೂಡು ಎಳೆದು, ಇಲಿ ಮತ್ತೆ ಬಾರದಂತೆ, ಬ್ಯಾಟರಿ ಇಳಿಯದಂತೆ ಏನು ಮಾಡಬೇಕೆಂದು ಕಾಕಾನಿಗೆ ಎರಡು ಮಾತು ಹೇಳಿ ಬಂದಿದ್ದೆ. ಅದೇ ಹೊತ್ತಿಗೆ ಕೆಟ್ಟು ನಿಂತ ಬಸ್ಸಿನವರು ಕರೆದಿದ್ದರು, ಅವಸರದಲ್ಲಿದ್ದೆ. ಆಮೇಲೆ ಆ ದಿನವನ್ನೇ ಮರೆತುಬಿಟ್ಟೆ.

ಇರಲಿ. ನೀರಿನ ದೋಷ ಎಂದ ಮೇಲೆ ಪರಿಹಾರವನ್ನೂ ಹೇಳಬೇಕಲ್ಲ. “ಕೆರಿ ನೀರಿಲೆ ತೊಳೀರಿ” ಎಂದೆ. ಸಾವಕಾರರ ಮನೆಯ ಅವ್ವನವರು ಅದನ್ನು ಕೇಳಿ ನನ್ನನ್ನು ಅಂಗಳದಲ್ಲೇ ತರಾಟೆಗೆ ತೆಗೆದುಕೊಂಡರು. “ತಲಿ ಮ್ಯಾಲ ಕೊಡಾ ಹೊತ್ತು ತರೂ ನೀರು ನಿಮ್ಮ ಕಾರಿನ ಮುಕಳಿಗೆ ಸುರೀಬೇಕೇನ? ನೀ ಬಂದು ಹೊತ್ತು ಹಾಕು.” ಗಾಡಿ ಕಾಕಾ ಗೋಡೆಯ ಕಡೆ ಮುಖ ತಿರುಗಿಸಿ ನಕ್ಕ. ಕೊನೆಗೆ ಒಣ ಬಟ್ಟೆಯಲ್ಲಿ ಒರೆಸುವುದು, ಕೆಳಗೆ ನೀರು ಮುಟ್ಟಿಸುವುದೇ ಬೇಡ ಎಂದು ರಾಜಿಯಾಯಿತು.

ಇನ್ನು ಹೊಸ ಸೈಲೆನ್ಸರು. “ಅಂಗಡಿ ಮಾಲು ಬ್ಯಾಡ, ಗಟ್ಟಿ ಮುಟ್ಟಾಗಿ ಇಲ್ಲೇ ಮಾಡ್ಸು” ಎಂದರು ಸಾವಕಾರರು. ಹಾಗೆ ಮಾಡುವವನು ಊರಲ್ಲಿ ಒಬ್ಬನೇ, ನನ್ನ ಪಕ್ಕದ ಶೆಡ್ಡಿನ ವೆಲ್ಡರ್ ಚಾಚಾ. ನಮ್ಮಿಬ್ಬರ ಶೆಡ್ಡಿಗೂ ನಡುವೆ ಒಂದೇ ತಗಡಿನ ಗೋಡೆ. ಅದರಲ್ಲಿ ಮೊಳದಗಲದ ಒಂದು ಚೌಕ ತೂತು ಇತ್ತು. ಹನ್ನೊಂದು ವರ್ಷ ನಾವು ಅದರೊಳಗಿಂದಲೇ ಸಾಮಾನು, ಬೈಗುಳ, ಚಹಾದ ಗ್ಲಾಸು ಎಲ್ಲವನ್ನೂ ದಾಟಿಸಿಕೊಂಡಿದ್ದೆವು. ದಿನಕ್ಕೊಮ್ಮೆಯಾದರೂ ಅವನ ಕೈ ಆ ತೂತಿನಲ್ಲಿ ಬರುತ್ತಿತ್ತು: “ಮಿಸ್ತ್ರಿ, ಹದಿನಾಲ್ಕರ ಪಾನಾ ಕೊಡು.” ಅವನ ಗ್ಯಾಸ್ ಸಿಲಿಂಡರಿನ ಪಟ್ಟಿಯ ನಟ್ಟು ಬಿಗಿಯಲು ಆ ಸ್ಪ್ಯಾನರ್ ಬೇಕು. ಹನ್ನೊಂದು ವರ್ಷದಲ್ಲಿ ಆ ಮಹಾಶಯ ತನ್ನದೊಂದು ಪಾನಾ ಕೊಳ್ಳಲಿಲ್ಲ.

ಚಾಚಾ ಮೂರು ದಿನ ಆ ಸೈಲೆನ್ಸರಿಗೆ ಕೂತ. ಹದಿನೆಂಟು ಗೇಜಿನ ಹೊಸ ಹಾಳೆ ತಂದೆ ಎಂದ. ಉರುಳೆ ಕಂಬಕ್ಕೆ ಸುತ್ತಿ ಬಾಗಿಸಿದ, ಒಳಗೆ ಅಡ್ಡ ತಗಡು ಇಟ್ಟ, ಉದ್ದಕ್ಕೂ ಬೆಸುಗೆ ಹಾಕಿದ. ಆ ಬೆಸುಗೆ ನೋಡಬೇಕಿತ್ತು, ಹೆಣ್ಣುಮಕ್ಕಳು ಕೌದಿಗೆ ಹಾಕುವ ಹೊಲಿಗೆಯ ಹಾಗೆ ಒಂದೇ ಅಳತೆ. ಸಾವಕಾರರ ಎದುರಿಗೆ ಎದೆ ತಟ್ಟಿ ಹೇಳಿದ: “ಮೂರು ಉಗಾದಿ ತನಕ ಏನೂ ಆಗಂಗಿಲ್ರಿ. ಆದ್ರ ನನ್ನ ಹೆಸರು ತಗೀಬ್ಯಾಡ್ರಿ.” ನಾನು ಅದರ ಮೈಗೆ ಎರಡು ಕೈ ಬೆಳ್ಳಿ ಬಣ್ಣ ಬಳಿದು ಕೂಡಿಸಿದೆ.

ಸಂಕ್ರಾಂತಿಯ ಮುಂದೆ ಕಾರು ಮತ್ತೆ ಭಡಭಡ ಎಂದಿತು.

ನನಗೆ ನಂಬಿಕೆಯಾಗಲಿಲ್ಲ. ಬೆರಳು ಮಡಚಿ ಎಣಿಸಿದೆ, ಮತ್ತೆ ಏಳೇ ತಿಂಗಳು. ಬಿಚ್ಚಿ ಕೆಳಗಿಟ್ಟು ನೋಡಿದರೆ ತಲೆ ಇನ್ನಷ್ಟು ಕೆಟ್ಟಿತು. ನಾನು ಬಳಿದ ಬೆಳ್ಳಿ ಬಣ್ಣ ಹೊರಗೆ ಹಾಗೇ ಹೊಳೆಯುತ್ತಿತ್ತು. ತುಕ್ಕು ಒಳಗಿನಿಂದ ತಿಂದುಕೊಂಡು ಬಂದು, ಕೊನೆಗೆ ಬಣ್ಣವೊಂದೇ ಸಿಪ್ಪೆಯ ಹಾಗೆ ಉಳಿದಿತ್ತು. ತಗಡು ಉದುರಿ ಹೋದ ಕಡೆಯಲ್ಲೂ ಚಾಚಾನ ಬೆಸುಗೆಯ ಗೆರೆ ಮಾತ್ರ ಮೀನಿನ ಬೆನ್ನೆಲುಬಿನಂತೆ ಒಂಟಿಯಾಗಿ ನಿಂತಿತ್ತು. ಅದನ್ನು ಕಂಡೆ, ಮುಟ್ಟಿಯೂ ನೋಡಿದೆ. ಏನೂ ತಿಳಿಯಲಿಲ್ಲ. ತಿಳಿಯುವಷ್ಟು ವ್ಯವಧಾನವೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಆ ವಾರ ನಾನು ಮಾಡದ ತರ್ಕವಿಲ್ಲ. ಡಿಕ್ಕಿಯಲ್ಲಿ ತಗಡು ತಿನ್ನುವ ಸರಕಾರಿ ಗೊಬ್ಬರದ ಚೀಲ ಹೇರಿದ್ದರೇ? ಇಲ್ಲ. ಬ್ಯಾಟರಿಯ ಆಸಿಡ್ ತೊಟ್ಟಿಕ್ಕುತ್ತಿದೆಯೇ? ಬ್ಯಾಟರಿ ಇರುವುದು ಮುಂದೆ, ತುಕ್ಕು ಇರುವುದು ಹಿಂದೆ. ಪೆಟ್ರೋಲಿನಲ್ಲಿ ಕಲಬೆರಕೆಯೇ? ಅದೇ ಬಂಕಿನ ಪೆಟ್ರೋಲ್ ಕುಡಿದ ನಾಲ್ಕು ಜೀಪುಗಳು ನನ್ನ ಕೈಯಲ್ಲೇ ಇದ್ದವು, ಅವುಗಳ ಸೈಲೆನ್ಸರು ಆರು ವರ್ಷದವು, ಹೊಲ ಕೆಸರು ತಿರುಗಿಯೂ ಕಲ್ಲಿನ ಹಾಗಿದ್ದವು. ಇದೊಂದೇ, ನೆರಳಿನಲ್ಲಿ ನಿಂತು ಒರೆಸಿಸಿಕೊಳ್ಳುವ ಕಾರು, ಕೊಳೆಯುತ್ತಿತ್ತು. ಒಂದು ತರ್ಕ ಬೆಳಿಗ್ಗೆ ಹುಟ್ಟಿ ಸಂಜೆಗೆ ಸಾಯುತ್ತಿತ್ತು. ಊಟಕ್ಕೆ ಕೂತರೆ ಎದುರಿಗೆ ತಟ್ಟೆ ಇದೆಯೋ ಸೈಲೆನ್ಸರ್ ಇದೆಯೋ ಗೊತ್ತಾಗುತ್ತಿರಲಿಲ್ಲ.

ಚಾಚಾನ ಶೆಡ್ಡಿನ ಹಿಂದೆ ಡಾಂಬರಿನ ಖಾಲಿ ಪೀಪಾಯಿಗಳ ರಾಶಿ ಬಿದ್ದಿತ್ತು. ಅವನ್ನು ಬಿಡಿಸಿ ಚಪ್ಪಟೆ ಮಾಡಿ ಜನರಿಗೆ ಬಾಗಿಲು ಮಾಡಿಕೊಡುತ್ತಿದ್ದ. ಒಂದು ದಿನ ಆ ರಾಶಿಯ ಮೇಲೆ ನನ್ನ ಕಣ್ಣು ಬಿತ್ತು. ಪೀಪಾಯಿಯ ಹಳೇ ತಗಡು ಹಾಕಿ ಹೊಸ ಹಾಳೆ ಎಂದನೇನೋ! ಮಿಕ್ಕೆಲ್ಲ ತರ್ಕ ಸತ್ತ ಮೇಲೆ ಇದು ಬದುಕಿತು. ಗೊಂದಲದಲ್ಲಿದ್ದವನಿಗೆ ಒಂದು ಹೆಸರು ಸಿಕ್ಕರೆ ಸಾಕು, ಎಷ್ಟು ಹಗುರಾಗುತ್ತದೆ! ಗೋಡೆಯ ಆಚೆ ಕೂತವನನ್ನು ಕೇಳಬಹುದಿತ್ತು. ತೂತಿಗೆ ಬಾಯಿಟ್ಟು ಒಂದು ಮಾತು. ಕೇಳಲಿಲ್ಲ. ಬದಲಿಗೆ ಚಹದಂಗಡಿಯಲ್ಲಿ ನಾಲ್ಕು ಜನರ ನಡುವೆ, “ಪೀಪಾಯಿ ತಗಡು ಎಷ್ಟು ದಿವಸ ಬಂದೀತು?” ಎಂದೆ. ಸಾವಕಾರರು ಜಿನ್ನಿನಲ್ಲಿ ಕೇಳಿದಾಗ ಹಮಾಲರೆಲ್ಲ ನಿಂತಿದ್ದರು, ಅಲ್ಲೂ ಅದನ್ನೇ ಹೇಳಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹತ್ತಿ ಬರುವ ಹಂಗಾಮಿಗೆ ಮುಂಚೆ ಜಿನ್ನಿನ ಕೊಳವೆ, ಗಾಳಿ ಡಕ್ಟು, ಮಾಡಿನ ತಗಡು ಎಲ್ಲದರ ಬೆಸುಗೆ ಕೆಲಸ ಪ್ರತಿ ವರ್ಷ ಚಾಚಾನದೇ. ಒಂದೂವರೆ ತಿಂಗಳ ಆ ಕೆಲಸ ಅವನ ಮನೆಯ ವರ್ಷದ ಅನ್ನ. ಸಾವಕಾರರು ಆ ವರ್ಷ ಅದನ್ನು ಹುಬ್ಬಳ್ಳಿಯವರಿಗೆ ಕೊಟ್ಟರು. “ಸೈಲೆನ್ಸರ್‌ನ್ಯಾಗ ಹಿಂಗ ಮಾಡಿದಾಂವ ಹತ್ತಿ ತುಂಬಿದ ಗಿರಣ್ಯಾಗ ಏನ ಮಾಡ್ಯಾನು” ಎಂದರಂತೆ. ಟ್ರ್ಯಾಕ್ಟರಿನವರೂ ಒಬ್ಬೊಬ್ಬರೇ ನವಲಗುಂದದ ಕಡೆ ಹೋಗತೊಡಗಿದರು.

ಚಾಚಾ ನನ್ನ ಶೆಡ್ಡಿಗೆ ಬಂದದ್ದು ಅದಾದ ಮರುದಿನ. ಒಳಗೆ ಬರಲಿಲ್ಲ, ಹೊಸ್ತಿಲಲ್ಲಿ ನಿಂತ. ಸಿಟ್ಟಿನಲ್ಲಿ ಕೂಗುತ್ತಾನೆ ಎಂದುಕೊಂಡಿದ್ದೆ. ಕೂಗಲಿಲ್ಲ.

“ಪೀಪಾಯಿ ತಗಡು ಅಂದ್ಯಂತ?”

“ಹಂಗಲ್ಲ ಚಾಚಾ, ಎಲ್ಲಾ ನೋಡಿದ ಮ್ಯಾಲ...”

“ನನ್ನ ಕೇಳಿದ್ಯೇನ್ಲೇ? ನಡುವ ಒಂದು ತಗಡು ಐತಿ, ಹನ್ನೊಂದು ವರ್ಷದಿಂದ. ಚಾದಂಗಡಿ ತನಕ ಹೋಗೂ ಮುಂದ ಒಮ್ಮೆ ನನ್ನ ಮಾರಿಗೆ ಕೇಳಿದ್ಯೇನು?”

ಅವನು ಹೊರಟುಹೋದ. ಸ್ವಲ್ಪ ಹೊತ್ತಿಗೆ ಆಚೆಯಿಂದ ಗ್ಯಾಸಿನ ಸುಯ್ ಸದ್ದು ಬಂತು. ಅವನು ಆ ಚೌಕ ತೂತಿಗೆ ತಗಡಿನ ತೇಪೆ ಇಟ್ಟು ನಾಲ್ಕು ಬದಿಗೂ ಬೆಸೆದುಬಿಟ್ಟ. ಹದಿನೈದು ದಿನಕ್ಕೆ ಶೆಡ್ಡಿಗೆ ಬೀಗ ಹಾಕಿ, ಅಳ್ನಾವರದ ಮರ ಕೊಯ್ಯುವ ಸಾ ಮಿಲ್ಲೊಂದರಲ್ಲಿ ಕೆಲಸವಿದೆಯೆಂದು ಹೆಂಡತಿಯನ್ನು ಕರೆದುಕೊಂಡು ಹೋದ. ಸುದ್ದಿ ಕೇಳಿದ ಮೇಲೂ ನಾನೇ ಸರಿ ಎಂದು ಒಳಗೊಳಗೇ ಸಾಧಿಸುತ್ತಿದ್ದೆ. ಸರಿಯೆಂದು ತೋರಿಸಬೇಕಿತ್ತು, ಅದೇ ಹಟಕ್ಕೆ ಮೂರನೆಯ ಸೈಲೆನ್ಸರನ್ನು ನಾನೇ ನಿಂತು ಮಾಡಿಸಿದೆ.

ಹುಬ್ಬಳ್ಳಿಗೆ ಹೋಗಿ ದೊಡ್ಡ ಅಂಗಡಿಯಲ್ಲಿ ಹದಿನೆಂಟು ಗೇಜಿನ ಹಾಳೆ ಕೊಂಡೆ. ಕಾಗದದ ಸುತ್ತು ನನ್ನ ಕೈಯಾರೆ ಬಿಚ್ಚಿದೆ. ಅಲ್ಲಿಯ ಒಬ್ಬ ವೆಲ್ಡರನ ಪಕ್ಕ ದಿನವಿಡೀ ಕುಕ್ಕರುಗಾಲಲ್ಲಿ ಕೂತು ಮಾಡಿಸಿದೆ. ಅದೇ ಹಾಳೆಯಿಂದ ಗೇಣುದ್ದದ ಒಂದು ತುಂಡು ಕತ್ತರಿಸಿ ತಂದು ನನ್ನ ಶೆಡ್ಡಿನ ಗೋಡೆಗೆ, ಮಳೆಯ ಇರಚಲು ಬಡಿಯುವ ಕಡೆ, ಮೊಳೆಗೆ ಸಿಗಿಸಿದೆ. ತಿಂಗಳಿಗೊಮ್ಮೆ ಜಿನ್ನಿನ ಮುಂದೆ ನಿಂತ ಕಾರಿನ ಕೆಳಗೆ ನುಸುಳಿ ಸುತ್ತಿಗೆಯಿಂದ ಸೈಲೆನ್ಸರ್ ತಟ್ಟುವುದು, ಬಂದು ಗೋಡೆಯ ತುಂಡನ್ನು ನೋಡುವುದು. ಒಳ್ಳೆಯ ತಗಡು ತಟ್ಟಿದರೆ ಖಣ್ ಎನ್ನುತ್ತದೆ. ಉಗಾದಿಗೆ ಖಣ್ ಎಂದಿತು. ಕಾರಹುಣ್ಣಿಮೆಗೆ ಖಣ್ ಎಂದಿತು, ಆದರೆ ಸ್ವಲ್ಪ ಸಣ್ಣಗೆ. ಶ್ರಾವಣದ ಮೊದಲ ಸೋಮವಾರ ತಟ್ಟಿದೆ. ಥಪ್.

ಇನ್ನೊಮ್ಮೆ ತಟ್ಟಿದೆ. ಥಪ್. ಓಡಿ ಬಂದು ಗೋಡೆಯ ತುಂಡು ನೋಡಿದೆ. ಏಳು ತಿಂಗಳು ಗಾಳಿ ಮಳೆ ತಿಂದದ್ದು, ಅಂಚಿಗೆ ಮಾತ್ರ ಒಂದಿಷ್ಟು ಕಂದು. ಉಗುರಿನಿಂದ ಕೆರೆದರೆ ಕೆಳಗೆ ಬೆಳ್ಳಗೆ ಹೊಳೆಯಿತು. ಹಾಳೆಯ ದೋಷವಲ್ಲ. ಅಂದರೆ ಚಾಚಾನ ದೋಷವೂ ಅಲ್ಲ. ಆ ತುಂಡನ್ನು ಹಿಡಿದು ಶೆಡ್ಡಿನ ನಡುವೆ ನಿಂತಾಗ ನನಗೆ ಆದದ್ದು ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆ. ಹಾಗಾದರೆ ಅದನ್ನು ತಿನ್ನುತ್ತಿರುವುದು ಏನು?

ಆಗ ನಿರ್ಧಾರ ಮಾಡಿದೆ, ಇನ್ನು ಸೈಲೆನ್ಸರನ್ನು ನೋಡುವುದು ಬೇಡ, ಕಾರಿನ ದಿನವನ್ನು ನೋಡೋಣ. ನನ್ನ ಶೆಡ್ಡಿಗೆ ಕಾರು ಬರುತ್ತಿದ್ದದ್ದು ರೋಗಿ ಆಸ್ಪತ್ರೆಗೆ ಬರುವ ಹಾಗೆ. ಅದು ಮನೆಯಲ್ಲಿ ಹೇಗಿರುತ್ತದೆಂದು ಎರಡು ವರ್ಷದ ಹತ್ತಿರವಾದರೂ ನಾನು ಕಂಡಿರಲಿಲ್ಲ. ಸಾವಕಾರರಿಗೆ ಹೇಳಿ ಮರುದಿನ ಮೂಡಲು ಕೆಂಪಾಗುವ ಹೊತ್ತಿಗೆ ಹೋಗಿ ಅವರ ಅಂಗಳದ ಕಟ್ಟೆಯ ಮೇಲೆ ಸುಮ್ಮನೆ ಕೂತೆ.

ಗಾಡಿ ಕಾಕಾ ಬಂದ. ಮೊದಲು ಎರಡು ಎತ್ತಿನ ಮೈ ತಿಕ್ಕಿದ, ಆಮೇಲೆ ಅದೇ ಪ್ರೀತಿಯಿಂದ ಒಣ ಬಟ್ಟೆಯಲ್ಲಿ ಕಾರನ್ನು ಒರೆಸಿದ. ಹಿಂದೆ ಹೋಗಿ ಬಗ್ಗಿದ. ಹೊಗೆ ಕೊಳವೆಯ ಬಾಯಿಂದ ಬಿಗಿಯಾಗಿ ತುರುಕಿದ್ದ ಗೋಣಿ ತುಂಡೊಂದನ್ನು ಹಿರಿದ. ನಾನು ಕಣ್ಣು ಕಿರಿದು ಮಾಡಿದೆ. ಬಾನೆಟ್ ಮುಟ್ಟಿ ಕೈ ಮುಗಿದು ಕೀಲಿ ತಿರುವಿದ. ಎಂಜಿನ್ ಎದ್ದಿತು. ಬೀಡಿ ಹಚ್ಚಿದ. ಹಿಂದಿನಿಂದ ಬೆಳ್ಳನೆಯ ಹಬೆ, ಅನ್ನದ ಗಡಿಗೆಯಿಂದ ಬಂದ ಹಾಗೆ. ಬೀಡಿ ಅರ್ಧಕ್ಕೆ ಬಂತು. ಎಂಜಿನ್ ಬಂದ್ ಮಾಡಿ, ಉಳಿದರ್ಧ ಕಿವಿಯ ಮೇಲೆ ಸಿಗಿಸಿ, ಗೋಣಿ ತುಂಡನ್ನು ಬಕೆಟಿನ ನೀರಲ್ಲಿ ಅದ್ದಿ ಹಿಂಡಿ, ಹಬೆ ಇನ್ನೂ ಆಡುತ್ತಿದ್ದ ಬಾಯೊಳಗೆ ಮೊಳಕೈ ಬಲದಿಂದ ತುರುಕಿದ.

“ಕಾಕಾ, ಇದೇನು?” ಎಂದೆ.

“ಇಲಿ ಹೋಗಬಾರ್ದಲ್ರಿ. ಸಾವಕಾರ್ರು ಹೊಂಡೂ ಮುಂದ ತಗೀತೀನಿ, ಬಂದ ಕೂಡ್ಲೆ ತುರುಕ್ತೀನಿ.”

“ಒದ್ದಿ ಗೋಣಿ ಯಾಕ?”

“ಒಣಾದ್ದು ತುರುಕಿದ್ರ ಹೊಗಿ ಆಡ್ತೈತ್ರಿ, ಬಿಸಿ ಇರತೈತಿ ನೋಡ್ರಿ. ಹತ್ತಕೊಂಡ್ರ? ಹತ್ತಿ ತುಂಬಿದ ಮನಿ.”

“ಬೀಡಿ ಅರ್ಧಕ್ಕ ಬಂದ್ ಮಾಡಿದ್ಯಲ್ಲ?”

“ಎರಡು ನಿಮಿಷಕ್ಕ ಅರ್ಧ ಬೀಡಿ, ಗಡಿಯಾರ ಎಲ್ಲೈತ್ರಿ ನನ್ನ ಕಡೆ?”

“ಯಾರು ಹೇಳಿದ್ರು ಹಿಂಗ ಮಾಡಂತ?”

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. “ನೀವ ಹೇಳಿದ್ರಲ್ರಿ ಮಿಸ್ತ್ರಿ. ಇಲಿ ಗೂಡು ತಗದ ದಿನ. ದಿನಾ ಎರಡು ನಿಮಿಷ ಚಾಲೂ ಇಡು, ಬ್ಯಾಟರಿ ಇಳಿಯೂದಿಲ್ಲ, ಬಂದ್ ಮಾಡಿದ ಕೂಡ್ಲೆ ಬಾಯಿ ಮುಚ್ಚು ಅಂದ್ರಿ. ಒಂದ ದಿನಾ ತಪ್ಪಿಸಿಲ್ರಿ. ಮಗಳ ಮದುವಿ ದಿನಾನೂ ಅಕ್ಕಿಕಾಳು ಬೀಳೂ ಮುಂಚೆ ಬಂದು ಮಾಡಿ ಹೋಗೀನಿ.”

ಪಾನಾ ತರಿಸಿ ಅಲ್ಲೇ ಅಂಗಳದಲ್ಲಿ ಸೈಲೆನ್ಸರ್ ಬಿಚ್ಚಿದೆ. ಓರೆ ಮಾಡಿದರೆ ಒಳಗಿನಿಂದ ಚಹಾ ಬಣ್ಣದ ನೀರು ಎರಡು ಗ್ಲಾಸಿನಷ್ಟು ಸುರಿಯಿತು. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟೆ. ಹುಳಿ. ಪೆಟ್ರೋಲು ಉರಿದರೆ ಹೊಗೆಯ ಜೊತೆ ನೀರೂ ಹುಟ್ಟುತ್ತದೆ. ಹತ್ತಾರು ಮೈಲು ಓಡಿದರೆ ಕೊಳವೆ ಕಾದು ಆ ನೀರು ಆರಿ ಹೋಗುತ್ತದೆ. ಎರಡು ನಿಮಿಷಕ್ಕೆ ಬಂದ್ ಮಾಡಿದರೆ, ಅರ್ಧ ಮೈಲಿಗೆ ನಿಲ್ಲಿಸಿದರೆ, ಹಬೆ ಒಳಗೇ ತಣ್ಣಗಾಗಿ ಹೊಗೆಯ ಹುಳಿ ಕೂಡಿಕೊಂಡು ನಿಲ್ಲುತ್ತದೆ. ಅದು ಹೊರಗೆ ಹೋಗಲು ಇದ್ದ ಒಂದೇ ದಾರಿಗೆ ಒದ್ದೆ ಗೋಣಿ. ನಾನು ಹೇಳಿದ ಎರಡು ಮಾತೂ ಬೇರೆ ಬೇರೆಯಾಗಿ ಸರಿಯೇ ಇದ್ದವು. ಎರಡನ್ನೂ ಒಂದೇ ಉಸುರಿನಲ್ಲಿ ಹೇಳಿ ಬಸ್ಸಿನ ಕಡೆ ಓಡಿದವನು ನಾನು, ಚಾಚೂ ತಪ್ಪದೆ ನಡೆಸಿದವನು ಕಾಕಾ.

ಸಾವಕಾರರು ಆಗ ಹೊರಗೆ ಬಂದರು. ನೀರು, ಗೋಣಿ, ಬಿಚ್ಚಿದ ಸೈಲೆನ್ಸರ್ ಎಲ್ಲ ನೋಡಿ, ಅರ್ಧ ಕೇಳಿ ಅರ್ಧ ಊಹಿಸಿ ಕಾಕಾನ ಮೇಲೆ ಹರಿಹಾಯ್ದರು. “ಹುಚ್ಚ ಮುದುಕಾ, ಒದ್ದಿ ಗೋಣಿ ತುರುಕಿ ಕೊಳಿಸಿದ್ಯಾ? ಎತ್ತು ಕಾಯಾಂವಗ ಕಾರು ಕೊಟ್ಟಿದ್ದ ನನ್ನ ತಪ್ಪು. ನಾಳಿಂದ ನೀ ಇದರ ಬಾಜೂಕ ಬರಬ್ಯಾಡ.” ಕಾಕಾ ನನ್ನ ಹೆಸರು ಹೇಳಲಿಲ್ಲ. ಕಿವಿಯ ಮೇಲಿನ ಅರ್ಧ ಬೀಡಿಯನ್ನು ತೆಗೆದು ಕೈಯಲ್ಲಿ ಹಿಡಿದು ನಿಂತ.

ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದರೆ ಸಾವಕಾರರು ತಿರುಗಿ ಪಡಸಾಲೆಯ ಮೆಟ್ಟಿಲು ಹತ್ತುವಷ್ಟು ಹೊತ್ತು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮುದುಕ ತಪ್ಪು ಮಾಡಿದ, ಮಿಸ್ತ್ರಿ ಕಂಡುಹಿಡಿದ. ಊರೆಲ್ಲ ನನ್ನನ್ನು ಹೊಗಳುತ್ತಿತ್ತು. ಒಮ್ಮೆ ಒಬ್ಬನ ತಲೆಗೆ ಕಟ್ಟಿದ್ದೆ, ಈಗ ಇನ್ನೊಬ್ಬನ ತಲೆ ಸಿದ್ಧವಾಗಿತ್ತು.

“ಸಾವಕಾರ್ರ,” ಎಂದೆ. “ಅದನ್ನ ಮಾಡಂತ ಹೇಳಿದಾಂವ ನಾನು.”

ಅವರು ತಿರುಗಿದರು. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ, ಪೀಪಾಯಿ ತಗಡಿನ ಮಾತೂ ನನ್ನ ಕಲ್ಪನೆ ಎಂದೆ. ಸಾವಕಾರರು ಸೈಲೆನ್ಸರನ್ನು ಕಾಲಿನಿಂದ ಹೊರಳಿಸಿದರು. “ಜಿನ್ನಿನ ಕೆಲಸ ಅಂತೂ ಹೋತು, ಈ ವರ್ಷದ್ದು ಮುಗದೈತಿ,” ಎಂದರು. “ಆ ಮುಸಲ್ಮಾನ ಮುದುಕಗ ನೀ ಏನ ಹೇಳ್ತಿ?”

ಮರುದಿನ ಚಾಚಾನ ಹಳೆಯ ಸೈಲೆನ್ಸರಿನ ಅವಶೇಷವನ್ನು ನನ್ನ ಗುಜರಿಯಲ್ಲಿ ಹುಡುಕಿ ತೆಗೆದು, ಹೊಸದನ್ನು ಗರಗಸದಿಂದ ಉದ್ದುದ್ದ ಸೀಳಿ, ಎರಡನ್ನೂ ಗೋಡೆಯ ತುಂಡಿನ ಸಮೇತ ಚೀಲಕ್ಕೆ ತುಂಬಿದೆ. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ ಅಳ್ನಾವರಕ್ಕೆ ಹೋದೆ. ರೈಲು ಡಬ್ಬಿಯಲ್ಲಿ ಎದುರಿಗೆ ಕೂತವರು ಚೀಲದಿಂದ ಉದುರುವ ಕೆಂಪು ಪುಡಿ ನೋಡಿ ಕಾಲು ಮೇಲೆಳೆದುಕೊಂಡರು. ಅಳ್ನಾವರದಲ್ಲಿ ಜಿಟಿಜಿಟಿ ಮಳೆ. ಸಾ ಮಿಲ್ಲಿನ ಮಾಡಿನ ಕೆಳಗೆ ಚಾಚಾ ಒಂದು ಗಾಲಿಯ ಚೌಕಟ್ಟಿಗೆ ಬೆಸುಗೆ ಹಾಕುತ್ತಿದ್ದ. ಹತ್ತಿರ ಹೋದಾಗ ಅವನ ಜೇಬಿನಲ್ಲಿ ಹೊಸ ಪಾನಾ ಒಂದು ಹೊಳೆಯುವುದು ಕಂಡಿತು, ಹದಿನಾಲ್ಕರದು.

ಅವನು ನನ್ನನ್ನು ನೋಡಿದ, ನೋಡದವನಂತೆ ಕೆಲಸ ಮುಗಿಸಿದ. ನಾನು ಚೀಲ ಸುರಿದೆ. ಅವನು ಕೂತು ಮೊದಲು ತನ್ನ ಬೆಸುಗೆಯ ಆ ಒಂಟಿ ಗೆರೆಯನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಉದ್ದಕ್ಕೂ ಸವರಿದ. “ಹಾಳಿ ಒಳಗಿಂದ ತಿಂದು ಹೋಗೇತಿ, ಬೆಸಿಗಿ ನಿಂತೈತಿ,” ಎಂದ ತನಗೇ. “ಇದನ್ನ ನೋಡಿನೂ ನಿನಗ ತಿಳೀಲಿಲ್ಲ?”

“ತಿಳೀಲಿಲ್ಲ ಚಾಚಾ.”

ಇಲಿ, ಬೀಡಿ, ಗೋಣಿ ಎಲ್ಲ ಹೇಳಿದೆ. ಕ್ಷಮಿಸು ಎನ್ನುವ ಮಾತು ನಾಲಿಗೆಗೆ ಬರಲೊಲ್ಲದು, ಬೇರೆಲ್ಲ ಬಂತು. ಕೊನೆಗೆ, “ನಾ ತಪ್ಪು ಮಾಡಿದೆ” ಎಂದೆ. ಅವನು ಸೀಳಿದ ಸೈಲೆನ್ಸರನ್ನು ತಿರುವಿ ಹಾಕಿ, ತೀರಾ ತಗ್ಗಿನ ಜಾಗಕ್ಕೆ ಸೀಮೆಸುಣ್ಣದಿಂದ ಚುಕ್ಕೆ ಇಟ್ಟ.

“ಇಲ್ಲಿ ಒಂದು ಸಣ್ಣ ತೂತು ಹಾಕು. ನೀರು ನಿಲ್ಲಂಗಿಲ್ಲ. ಬಾಯಿಗೆ ಗೋಣಿ ಬ್ಯಾಡ, ತಂತಿ ಜಾಳಿಗಿ ಬಡಿ. ಇಲಿ ಹೋಗಂಗಿಲ್ಲ, ಹಬಿ ಹೋಗ್ತೈತಿ. ಸಾವಕಾರ್ರಿಗೆ ವಾರಕ್ಕೊಮ್ಮೆ ಗದಗ ತನಕ ಹೋಗಿ ಬರ್ರಿ ಅನ್ನು.”

“ನೀನ ಬಂದು ಮಾಡಿಕೊಡು.”

“ಪೀಪಾಯಿ ತಗಡು ಅಂತ ಎಲ್ಲೆಲ್ಲಿ ಹೇಳಿದಿ?”

“ಚಾದಂಗಡ್ಯಾಗ. ಜಿನ್ನಿನ್ಯಾಗ.”

“ಯಾರ್ಯಾರು ಇದ್ರು?”

ನೆನಪಿದ್ದವರ ಹೆಸರು ಹೇಳಿದೆ.

“ಅಷ್ಟೂ ಮಂದಿಗೆ ಹೇಳು. ಒಬ್ಬರನ್ನೂ ಬಿಡಬ್ಯಾಡ. ಆ ಮ್ಯಾಲ ನೋಡೂಣು,” ಎಂದು ಬೆಸುಗೆಯ ಕರಿ ಕನ್ನಡಕ ಕಣ್ಣಿಗೆ ಇಳಿಸಿಕೊಂಡ.

ಕೆಟ್ಟದ್ದನ್ನು ಹೇಳಲು ಅರ್ಧ ಗ್ಲಾಸು ಚಹಾದ ಹೊತ್ತು ಸಾಕಾಗಿತ್ತು. ಅದನ್ನು ಹಿಂತೆಗೆದುಕೊಳ್ಳಲು ಎರಡು ತಿಂಗಳು ಹಿಡಿಯಿತು. ಚಹದಂಗಡಿಯಲ್ಲಿ ಸೀಳಿದ ಸೈಲೆನ್ಸರ್ ಮೇಜಿನ ಮೇಲಿಟ್ಟು ಹೇಳಿದೆ, ಜನ ನಕ್ಕರು. ಜಿನ್ನಿನ ಹಮಾಲರನ್ನು ಒಟ್ಟು ಮಾಡಿ ಹೇಳಿದೆ. ಅವರಲ್ಲೊಬ್ಬ ಕೆಲಸ ಬಿಟ್ಟು ಯರಗುಪ್ಪಿಗೆ ಹೋಗಿದ್ದ, ಬಸ್ಸು ಹತ್ತಿ ಅಲ್ಲಿಗೂ ಹೋದೆ. ಅವನು ಹೊಲದ ಬದುವಿನ ಮೇಲೆ ನಿಂತು ಪೂರ್ತಿ ಕೇಳಿ, “ನೀವು ಅವತ್ತು ಏನಂದಿದ್ರೋ ನನಗ ನೆನಪ ಇಲ್ರಿ” ಎಂದ. ಇಷ್ಟು ದೂರ ಬಂದದ್ದಕ್ಕೆ ಅಳಬೇಕೋ ನಗಬೇಕೋ ತಿಳಿಯದೆ ಅವನು ಕೊಟ್ಟ ಮಜ್ಜಿಗೆ ಕುಡಿದು ಬಂದೆ. ಗಾಡಿ ಕಾಕಾ ಕಾರಿನ ಹತ್ತಿರ ಮತ್ತೆ ಬಂದ. ಈ ಸಲ ಅವನಿಗೆ ಹೇಳುವುದನ್ನೆಲ್ಲ ಕೂತು, ಯಾಕೆ ಎನ್ನುವುದನ್ನೂ ಸೇರಿಸಿ ಹೇಳಿದೆ, ಅವನ ಬಾಯಿಂದ ತಿರುಗಿ ಹೇಳಿಸಿದೆ. ನಾಲ್ಕನೆಯ ಸೈಲೆನ್ಸರನ್ನು ಮಾತ್ರ ಮಾಡಿಸಲಿಲ್ಲ. ಸಾವಕಾರರು ಎಷ್ಟು ಕೂಗಾಡಿದರೂ, “ಮಾಡಾಂವ ಬರಲಿ” ಎಂದೆ. ಕಾರು ಅಂಗಳದಲ್ಲೇ ನಿಂತಿತು.

ಸೀಗಿ ಹುಣ್ಣಿಮೆಯ ಮುಂದೆ ಒಂದು ಬೆಳಿಗ್ಗೆ ನಾನು ಯಾವುದೋ ಜೀಪಿನ ಕಾರ್ಬ್ಯುರೇಟರ್ ಬಿಚ್ಚಿಕೊಂಡು ಕೂತಿದ್ದೆ. ಪಕ್ಕದ ಶೆಡ್ಡಿನ ಬಾಗಿಲು ಕಿರ್ರೆಂದಿತು. ಏಳಲಿಲ್ಲ. ಕಸ ಗುಡಿಸಿದ ಸದ್ದು, ಸಿಲಿಂಡರ್ ಉರುಳಿಸಿದ ಸದ್ದು. ಆಮೇಲೆ ಗ್ಯಾಸಿನ ಸುಯ್. ಗೋಡೆಯ ತೇಪೆಯ ಒಂದು ಮೂಲೆ ಕೆಂಪಗಾಯಿತು, ಕೆಂಪು ಮೆಲ್ಲಗೆ ನಾಲ್ಕು ಬದಿಗೂ ಸುತ್ತಿ ಬಂತು. ತಗಡು ಕಳಚಿ ನನ್ನ ಕಡೆ ಧಡ್ ಎಂದು ಬಿತ್ತು. ಅಂಚಿನ ಕೆಂಪು ಮೆಲ್ಲಗೆ ಆರಿತು.

ಕೊನೆಗೆ ಆ ಕೈ ಬಂತು.

“ಮಿಸ್ತ್ರಿ, ಹದಿನಾಲ್ಕರ ಪಾನಾ ಕೊಡು.”

ಅವನ ಜೇಬಿನಲ್ಲಿ ಹೊಸದೊಂದು ಇದೆಯೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ನನ್ನದನ್ನು ಒರೆಸಿ ಕೊಟ್ಟೆ.